ಮಗ್ಗದೂರಿನಲ್ಲಿ ಕಿವಿ ಪರೀಕ್ಷೆ

ಕಿವಿ ಪರೀಕ್ಷೆ ಮಾಡುವವನ ಮುಂದೆ ಕೂತ ಕೂಡಲೇ ಜನಕ್ಕೆ ಏನಾಗುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಿಪಿ ನೋಡುವವನಿಗೆ ತೆಪ್ಪಗೆ ತೋಳು ಚಾಚುವ ಮನುಷ್ಯ, ನನ್ನ ಮುಂದೆ ಮಾತ್ರ ಓದಿಕೊಳ್ಳದೆ ಪರೀಕ್ಷೆಗೆ ಬಂದವನ ಹಾಗೆ ಅತ್ತ ಇತ್ತ ಕದ್ದು ನೋಡುತ್ತಾನೆ. ದಿನಕ್ಕೊಂದಾದರೂ ಇಂಥ ಪ್ರಸಂಗ ನಡೆಯುತ್ತಿತ್ತು. ಮಧ್ಯಾಹ್ನದ ಊಟದವರೆಗೂ ಏನೂ ನಡೆಯದಿದ್ದರೆ ನಮ್ಮ ಡಾಕ್ಟರು, "ಏನ್ರೀ, ಇವತ್ತು ಕಿವುಡರಿಗೆಲ್ಲ ರಜಾನಾ?" ಅಂತ ಕೇಳುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಸಣ್ಣ ಕಿವಿ-ಮೂಗು-ಗಂಟಲಿನ ಆಸ್ಪತ್ರೆಗೆ ಸೇರಿದೆ. ಡಾಕ್ಟರಾಗಿ ಅಲ್ಲ. ರೋಗಿಯ ತಲೆಗೆ ಹೆಡ್‌ಫೋನ್ ಹಾಕಿ, ಮಿಷನ್ನಿನ ಗುಂಡಿ ತಿರುಗಿಸಿ, ಯಾರಿಗೆ ಎಷ್ಟು ಕೇಳುತ್ತದೆ ಎಂದು ಕಾಗದದ ಮೇಲೆ ಚುಕ್ಕಿ ಇಡುವುದು ನನ್ನ ಕೆಲಸ. ಬಿಳಿ ಕೋಟು ಹಾಕಿದವರೆಲ್ಲ ಆ ಊರಿನಲ್ಲಿ ಡಾಕ್ಟರೇ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ.

ಈಗ ಹೇಳುವುದೆಲ್ಲ ಒಂದೇ ಮಗುವಿನ ಸುತ್ತ ನಡೆದದ್ದು. ನಮ್ಮ ಆಸ್ಪತ್ರೆಗೆ ಗೋಡೆ ಅಂಟಿಕೊಂಡಂತೆ ಒಂದು ನೇಕಾರರ ಮನೆಯಿತ್ತು. ಹಜಾರದಲ್ಲೇ ಆರು ಕರೆಂಟಿನ ಮಗ್ಗ, ಹಿಂದೆ ಅಡುಗೆಮನೆ, ಅಟ್ಟದ ಮೇಲೆ ಮಲಗುವ ಜಾಗ. ಆ ಮನೆಯ ಯಜಮಾನರ ಮೊಮ್ಮಗಳಿಗೆ ನಾಲ್ಕು ತುಂಬಿತ್ತು, ಒಂದು ಮಾತೂ ಬಂದಿರಲಿಲ್ಲ. ಯಾವುದೋ ಆರೋಗ್ಯ ಶಿಬಿರದಲ್ಲಿ ಆಕೆಯ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದ್ದಾರೆ, ಅವಳು ತಿರುಗಿ ನೋಡಿಲ್ಲ, ಕಿವುಡು ಅಂತ ಬರೆದುಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಕಿವುಡು ಮಕ್ಕಳ ಶಾಲೆಯೊಂದಿದೆ, ಅಲ್ಲೇ ಹಾಸ್ಟೆಲು, ವರ್ಷಕ್ಕೆರಡು ಸಲ ಮನೆಗೆ ಕಳಿಸುತ್ತಾರೆ. ಅಲ್ಲಿಗೆ ಸೇರಿಸಲು ನಮ್ಮ ಡಾಕ್ಟರ ಸಹಿ ಬೇಕಿತ್ತು. ಕಾಗದ ತಂದ ಮಗುವಿನ ಅಮ್ಮ ಅದನ್ನು ಮೇಜಿನ ಮೇಲಿಟ್ಟಳು, ಆದರೆ ಅದರ ಮೇಲಿನ ಕೈ ತೆಗೆಯಲಿಲ್ಲ. ಡಾಕ್ಟರು, "ಮೊದಲು ಪರೀಕ್ಷೆ ಮಾಡೋಣ ತಾಯಿ" ಅಂದ ಮೇಲೆ ಕೈ ತೆಗೆದಳು. ನನಗೂ ಮಕ್ಕಳಿದ್ದರು. ಆ ಕಾಗದವನ್ನು ಮಗುಚಿ ಇಟ್ಟೆ.

೧. ಸದ್ದು ನಿಲ್ಲಿಸಿದ ಗದ್ದಲ

ಕಿವಿ ಪರೀಕ್ಷೆಗೆ ನಿಶ್ಶಬ್ದ ಬೇಕು. ನಮ್ಮ ಕೋಣೆಯ ನಾಲ್ಕೂ ಗೋಡೆಗೆ ಡಾಕ್ಟರು ಹಳೇ ಹಾಸಿಗೆ ಹೊಡೆಸಿದ್ದರು, ಅದರ ಮೇಲೆ ಕಂಬಳಿ. ಹೊರಗಿನ ಗಾಳಿ ಒಳಗೆ ಬರುತ್ತಿರಲಿಲ್ಲ, ಮಗ್ಗದ ಸದ್ದು ಮಾತ್ರ ಆರಾಮಾಗಿ ಬರುತ್ತಿತ್ತು.

ಮೊಮ್ಮಗಳಿಗೋಸ್ಕರ ಯಜಮಾನರು ಅರ್ಧ ಗಂಟೆ ಮಗ್ಗ ನಿಲ್ಲಿಸಲು ಒಪ್ಪಿದರು. ಒಂದು ಮಧ್ಯಾಹ್ನ ಎರಡು ಗಂಟೆಗೆ ಆರೂ ಮಗ್ಗ ಒಟ್ಟಿಗೆ ನಿಂತವು. ಕರೆಂಟ್ ಇರುವಾಗ ಆ ಕೋಣೆಯಲ್ಲಿ ಅಂಥ ಮೌನ ಕೇಳಿದ್ದು ನಾನು ಸೇರಿದ ಮೇಲೆ ಅದೇ ಮೊದಲು. ಅದು ಎಷ್ಟು ಹೊತ್ತು ಇತ್ತೆಂದರೆ, ನಾನು ಹೆಡ್‌ಫೋನ್ ಕೈಗೆ ತೆಗೆದುಕೊಳ್ಳುವಷ್ಟು ಹೊತ್ತು.

ಮೊದಲು ಅಟ್ಟದ ಮೇಲೆ ಮಲಗಿದ್ದ ಎರಡನೇ ಪಾಳಿಯ ನೇಕಾರ ದಡಬಡ ಇಳಿದು ಬಂದು, ಕರೆಂಟ್ ಇದ್ದೂ ಮಗ್ಗ ನಿಂತಿದೆ, ಏನಾಯ್ತು, ಯಾರು ಹೋದರು ಅಂತ ಕೇಳತೊಡಗಿದ. ಟಾನ್ಸಿಲ್ ಆಪರೇಷನ್ನಾಗಿ ವಾರ್ಡಿನಲ್ಲಿ ಮಲಗಿದ್ದ ಇಬ್ಬರು ಎಚ್ಚೆತ್ತು ನರ್ಸಮ್ಮನನ್ನು ಕರೆದರು. ಎದುರು ಮನೆಯ ತೊಟ್ಟಿಲ ಕೂಸು ಕಿಟಾರನೆ ಅಳಲು ಶುರುವಿಟ್ಟಿತು. ಬೀದಿಯವರೆಲ್ಲ ಯಜಮಾನರ ಬಾಗಿಲಲ್ಲಿ ಸೇರಿ ಸಮಾಚಾರ ವಿಚಾರಿಸಿಕೊಂಡರು. ಹತ್ತು ನಿಮಿಷದಲ್ಲಿ ಆರು ಮಗ್ಗದ ಸದ್ದಿಗಿಂತ ದೊಡ್ಡ ಸದ್ದು ಕೋಣೆಯೊಳಗೆ ತುಂಬಿತು.

ನಮ್ಮ ಡಾಕ್ಟರಿಗೆ ಇದರಿಂದ ಆಶ್ಚರ್ಯವೇ ಆಗಲಿಲ್ಲ. ಅವರು ಹೇಳಿದ್ದು ಇಷ್ಟು. ಕಿವಿಗೆ ಬಿದ್ದ ಸದ್ದು ನೇರವಾಗಿ ಬುದ್ಧಿಗೆ ಹೋಗುವುದಿಲ್ಲ, ನಮ್ಮೂರಿನಿಂದ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನ ಹಾಗೆ ರಾಜಾನುಕುಂಟೆ, ಯಲಹಂಕ, ಹೆಬ್ಬಾಳ ಅಂತ ಸ್ಟಾಪು ಸ್ಟಾಪಿನಲ್ಲಿ ನಿಂತು ಹೋಗುತ್ತದೆ. ಪ್ರತಿ ಸ್ಟಾಪಿನಲ್ಲೂ ತಪಾಸಣೆ. ದಿನಾ ಬರುವ ಮಗ್ಗದ ಸದ್ದನ್ನು, ನಿಂದೇನೂ ಹೊಸದಿಲ್ಲ ಅಂತ ದಾರಿಯಲ್ಲೇ ಇಳಿಸಿಬಿಡುತ್ತಾರೆ. ಆದರೆ ದಿನಾ ಬರುವ ಬಸ್ಸು ಒಂದು ದಿನ ಬರದೇ ಹೋದರೆ ಮೆಜೆಸ್ಟಿಕ್ಕಿನವರಿಗೆ ಗಾಬರಿಯಾಗುತ್ತದೆ. ಮಿದುಳಿನ ಕಥೆಯೂ ಅಷ್ಟೇ.

ಅಷ್ಟು ಚೆನ್ನಾಗಿ ವಿವರಿಸಿದ ಡಾಕ್ಟರಿಗಾಗಲೀ ಕೇಳಿಸಿಕೊಂಡ ನನಗಾಗಲೀ, ಆ ಗದ್ದಲದಲ್ಲಿ ಮಗುವಿನ ಕಡೆ ಒಂದು ಸಲ ನೋಡುವ ಬುದ್ಧಿ ಬರಲಿಲ್ಲ. ಟಾನ್ಸಿಲಿನ ರೋಗಿಯೊಬ್ಬ ಮಾತಾಡಬಾರದು ಅಂತ ಹೇಳಿದ್ದರೂ ಗೋಡೆ ಹಿಡಿದು ಬಂದು ದೂರು ಕೊಟ್ಟ.

"ಸಾರ್, ಸದ್ದು ಸ್ವಲ್ಪ ಹಾಕ್ಸಿ. ನಿದ್ದೆ ಮಾಡಕ್ಕಾಗ್ತಿಲ್ಲ."

೨. ತಾತ ಪಾಸಾದ ಪರೀಕ್ಷೆ

ಮಗ್ಗ ನಡೆಯುತ್ತಿರಲಿ, ಹೆಡ್‌ಫೋನಿನಲ್ಲೇ ನೋಡೋಣ ಅಂತಾಯಿತು. ನಾಲ್ಕು ವರ್ಷದ ಮಗುವಿಗೆ, ಪೀ ಅಂತ ಕೇಳಿದಾಗ ಬೆರಳೆತ್ತು ಅಂತ ಹೇಳುವುದು ಹೇಗೆ? ಮೊದಲು ತಾತ ಮಾಡಿ ತೋರಿಸಲಿ ಎಂದು ಯಜಮಾನರನ್ನೇ ಕುರ್ಚಿಯಲ್ಲಿ ಕೂರಿಸಿದೆ.

ಯಜಮಾನರಿಗೆ ಅರವತ್ತೈದು. ಅದರಲ್ಲಿ ಐವತ್ತು ವರ್ಷ ಮಗ್ಗದ ಮುಂದೆ ಕಳೆದಿದ್ದಾರೆ. ಕಿವಿಯೊಳಗಿನ ಎಳೆ ಎಳೆ ಕೂದಲೆಲ್ಲ ಲಾಳಿಯ ಏಟಿಗೆ ಯಾವಾಗಲೋ ಮಲಗಿರಬೇಕು. ಎದುರಿಗಿರುವವರ ತುಟಿ ನೋಡಿಕೊಂಡು ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದರು. ಬೆನ್ನ ಹಿಂದೆ ಬಸ್ಸು ಹಾರನ್ ಹೊಡೆದರೂ ಗೊತ್ತಾಗುತ್ತಿರಲಿಲ್ಲ. ಕಿವಿ ಎಷ್ಟು ಕೈಕೊಟ್ಟರೂ ಮಿದುಳು ಕಣ್ಣಿನಿಂದ ಸಾಲ ತಂದು ಸಂಸಾರ ನಡೆಸುತ್ತದೆ.

ನಾನು ಗುಂಡಿ ಒತ್ತಿದೆ. ಯಜಮಾನರು ಬೆರಳೆತ್ತಿದರು. ಸದ್ದು ಇನ್ನೂ ಸಣ್ಣದು ಮಾಡಿದೆ, ಎತ್ತಿದರು. ಇನ್ನೂ ಸಣ್ಣದು, ಎತ್ತಿದರು. ನನ್ನ ಕೈ ನೋಡುತ್ತಿದ್ದಾರೆ ಎಂದು ಅನುಮಾನವಾಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಆಗಲೂ ಎತ್ತಿದರು. ನನಗೇ ಕೇಳಿಸದಷ್ಟು ಸಣ್ಣ ಸದ್ದಿಗೂ ಅವರ ಬೆರಳು ಮೇಲೇಳುತ್ತಿತ್ತು. ಚುಕ್ಕಿ ಸೇರಿಸಿ ಗೆರೆ ಎಳೆದರೆ, ಹದಿನೆಂಟರ ಹುಡುಗನಿಗೂ ಇರದಂಥ ಕಿವಿ.

ಆಮೇಲೆ ನೋಡಿದರೆ, ಅವರ ಎದುರಿಗೆ ಔಷಧಿಯ ಬೀರು ಇತ್ತು. ಅದರ ಗಾಜಿನಲ್ಲಿ ನಾನು, ನನ್ನ ಮಿಷನ್ನು, ನನ್ನ ಹೆಬ್ಬೆರಳು ಎಲ್ಲ ಚೆನ್ನಾಗಿ ಕಾಣುತ್ತಿದ್ದವು. ಬೀರುವಿಗೆ ಬಟ್ಟೆ ಹೊದಿಸಿದೆ. ಯಜಮಾನರು ಎರಡು ನಿಮಿಷ ಕಾದು, ತಿರುಗಿ, ಬೇಸರದಿಂದ ಕೇಳಿದರು.

"ಯಾಕ್ ಸಾರ್, ನಿಲ್ಲಿಸ್ಬಿಟ್ರಾ?"

ಮಿಷನ್ನು ಆಗ ಅದರ ಗರಿಷ್ಠ ಮಟ್ಟದಲ್ಲಿ ಕೂಗುತ್ತಿತ್ತು. ನಾನು ಅವರಿಗೆ ಪರೀಕ್ಷೆಯ ಉದ್ದೇಶವನ್ನು ನಿಧಾನವಾಗಿ, ತುಟಿ ಕಾಣುವಂತೆ ತಿಳಿಸಿದೆ. ಅವರಿಗೆ ತುಂಬ ಬೇಜಾರಾಯಿತು. ಇಷ್ಟು ಕಷ್ಟಪಟ್ಟು ಒಂದೂ ತಪ್ಪದೆ ಮಾಡಿದ್ದೀನಿ, ಅದು ಲೆಕ್ಕಕ್ಕೆ ಬರಲ್ಲ ಅಂದ್ರೆ ಹೆಂಗೆ ಅಂದರು. ತಾತನನ್ನು ಗಮನವಿಟ್ಟು ನೋಡುತ್ತಿದ್ದ ಮೊಮ್ಮಗಳು ತಾನಾಗಿಯೇ ಕುರ್ಚಿ ಹತ್ತಿ ಕೂತು, ಹೆಡ್‌ಫೋನ್ ಹಾಕಿಸಿಕೊಂಡು, ಮೊದಲ ಕೆಲಸವಾಗಿ ಬೀರುವಿನ ಬಟ್ಟೆ ಎಳೆದು ಹಾಕಿದಳು.

೩. ಕರೆಂಟಿಗೆ ಕಾದದ್ದು

ಇನ್ನುಳಿದದ್ದು ಬೆನ್ನ ಹಿಂದಿನ ಸದ್ದು. ಮಗುವಿನ ಮುಂದೆ ಆಟದ ಸಾಮಾನು ಹಾಕಿ ಹಿಂದಿನಿಂದ ಶುರು ಮಾಡಿದೆ. ಗಂಟೆ ಬಾರಿಸಿದೆ. ತಮಟೆ ಹೊಡೆದೆ. ಕಾಂಪೌಂಡರ್ ತನ್ನ ಸೈಕಲ್ಲಿನ ಹಾರನ್ ಬಿಚ್ಚಿ ತಂದು ಅದುಮಿದ. ತಟ್ಟೆ ಬೀಳಿಸಿದೆ, ಆಮೇಲೆ ತಟ್ಟೆಗಳ ಇಡೀ ಅಟ್ಟಿಯನ್ನೇ ಬೀಳಿಸಿದೆ. ನರ್ಸಮ್ಮ ಎರಡು ಕೋಣೆ ಆಚೆಯಿಂದ ಓಡಿ ಬಂದಳು. ಮಗು ಗೊಂಬೆಯ ಕೈಗೆ ಬಳೆ ಹಾಕುವುದರಲ್ಲಿ ಮಗ್ನವಾಗಿತ್ತು.

ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಪೆನ್ನು ತೆಗೆದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಎಂದಿನಂತೆ ಕರೆಂಟ್ ಹೋಯಿತು. ಪಕ್ಕದ ಮನೆಯ ಮಗ್ಗಗಳು ಉಸಿರು ಬಿಟ್ಟು ನಿಂತವು.

ಮಗು ಗೊಂಬೆ ಬಿಟ್ಟು ಸರಕ್ಕನೆ ಗೋಡೆಯ ಕಡೆ ತಿರುಗಿತು.

ಡಾಕ್ಟರ ಪೆನ್ನು ಗಾಳಿಯಲ್ಲೇ ಉಳಿಯಿತು. ತಮಟೆಗೆ ತಿರುಗದ ಮಗು ಮೌನಕ್ಕೆ ತಿರುಗಿದೆ. ಹುಟ್ಟಿದಾರಭ್ಯ ಆರು ಮಗ್ಗದ ನಡುವೆ ಬೆಳೆದ ಮಗುವಿಗೆ ತಟ್ಟೆ ಬಿದ್ದರೇನು, ಅಟ್ಟವೇ ಬಿದ್ದರೇನು. ಕಿವಿ ಕೇಳುತ್ತಿದೆ, ಮಿದುಳು ಅದನ್ನು ರಾಜಾನುಕುಂಟೆಯಲ್ಲೇ ಇಳಿಸುತ್ತಿದೆ. ಆದರೆ ಡಾಕ್ಟರು ಹುಷಾರಿನ ಮನುಷ್ಯ. ಒಂದು ಸಲ ತಿರುಗಿದ್ದು ಕಾಕತಾಳೀಯವಿರಬಹುದು, ಇನ್ನೂ ಎರಡು ಸಲ ತಿರುಗಿದರೆ ನಂಬುತ್ತೇನೆ ಅಂದರು. ಕರೆಂಟ್ ಬಂತು. ಮತ್ತೆ ಹೋಗಲಿ ಎಂದು ಎಲ್ಲರೂ ಕಾಯುತ್ತಾ ಕೂತೆವು.

ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಕರೆಂಟು ಆವತ್ತು ಸಂಜೆಯವರೆಗೂ ಹೋಗಲಿಲ್ಲ. ನಾನು ನೋಡಿದಂತೆ ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಹೋಗಲಿ ಎಂದು ದೇವರಿಗೆ ಹರಕೆ ಹೊತ್ತ ಒಬ್ಬಳೇ ನೇಕಾರ ಹೆಂಗಸು ಆ ಮಗುವಿನ ಅಮ್ಮ. ಕಡೆಗೆ ಯಜಮಾನರಿಗೆ ತಾಳ್ಮೆ ಕೆಟ್ಟು, ಫ್ಯೂಸ್ ನಾನೇ ಕೀಳ್ತೀನಿ ಅಂತ ಎದ್ದು ಹೋದರು. ಕಿತ್ತರು, ಮಗು ತಿರುಗಿತು. ಹಾಕಿ ಮತ್ತೆ ಕಿತ್ತರು, ಮಗು ತಿರುಗಿತು. ಡಾಕ್ಟರು ಆ ಹಾಸ್ಟೆಲ್ಲಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಅಮ್ಮನಿಗೆ, "ನಿಮ್ಮ ಮಗೂಗೆ ಕಿವಿ ಚೆನ್ನಾಗಿದೆ" ಅಂದರು. ಅವಳು ಅಲ್ಲೇ ಕೂತು ಅತ್ತಳು. ನನಗೂ ಕಣ್ಣು ಮಂಜಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಈ ಸುದ್ದಿ ಯಜಮಾನರಿಗೆ ಹೇಳಲು ಎಲ್ಲರೂ ಮರೆತೆವು. ಅರ್ಧ ಗಂಟೆಯಾದ ಮೇಲೆ ಎರಡನೇ ಪಾಳಿಯ ನೇಕಾರ ಬಂದು ಬೇಡಿಕೊಂಡ.

"ಸಾರ್, ಸಾಕು ಅಂತ ನೀವಾದ್ರೂ ಹೇಳಿ. ಇಪ್ಪತ್ ಸಲ ಕಿತ್ತವ್ರೆ."

೪. ಸದ್ದಿಲ್ಲದ ಜಗಳ

ಕೇಳುವ ಮಗುವಿಗೆ ಮಾತು ಯಾಕೆ ಬಂದಿಲ್ಲ ಅನ್ನುವುದು ಮುಂದಿನ ಪ್ರಶ್ನೆ. ಹಾಸ್ಟೆಲ್ಲಿನ ಗಂಡಾಂತರ ಪೂರ್ತಿ ತಪ್ಪಿರಲಿಲ್ಲ. ಮಾತಿಲ್ಲದ ಮಗುವನ್ನು ನಮ್ಮೂರಿನ ಶಾಲೆ ಯಾಕೆ ಸೇರಿಸಿಕೊಳ್ಳುತ್ತದೆ? ಮನೆಯಲ್ಲಿ ಮಗುವಿನ ಜೊತೆ ಹೇಗೆ ಮಾತಾಡುತ್ತಾರೆ ನೋಡಿಕೊಂಡು ಬನ್ನಿ ಎಂದು ಡಾಕ್ಟರು ನನ್ನನ್ನು ಕಳಿಸಿದರು.

ನಾನು ಹೋದಾಗ ಕರೆಂಟ್ ಇರಲಿಲ್ಲ. ಹಜಾರವೆಲ್ಲ ತಣ್ಣಗಿತ್ತು. ಮಗುವಿನ ಅಪ್ಪ ಒಂದು ಮಗ್ಗದ ಹತ್ತಿರ, ಅಮ್ಮ ಆ ಕಡೆಯ ಗೋಡೆಯ ಹತ್ತಿರ, ಯಜಮಾನರು ಮಧ್ಯದಲ್ಲಿ. ಒಂದು ಪಿಸುಮಾತೂ ಇಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತಾ ತುಟಿ ಆಡಿಸುತ್ತಿದ್ದರು, ಕೈ ತಿರುಗಿಸುತ್ತಿದ್ದರು. ಎಷ್ಟು ಅನ್ಯೋನ್ಯವಾದ ಸಂಸಾರ ಅಂದುಕೊಂಡು ಬಾಗಿಲ ಬಳಿ ಚಾಪೆಯ ಮೇಲೆ ಕೂತೆ. ಹತ್ತು ನಿಮಿಷವಾಯಿತು. ಇಂಥ ಶಾಂತಿ ನಮ್ಮ ಮನೆಯಲ್ಲಿ ಯಾಕಿಲ್ಲ ಅಂತ ಯೋಚಿಸುತ್ತಿದ್ದೆ. ಆಗ ಅಮ್ಮ ಕೈಯಲ್ಲಿದ್ದ ನೂಲಿನ ಉಂಡೆಯನ್ನು ಅಪ್ಪನ ತಲೆಗೆ ಗುರಿಯಿಟ್ಟು ಎಸೆದಳು.

ನಡೆಯುತ್ತಿದ್ದದ್ದು ಘನಘೋರ ಜಗಳ. ಮಗ್ಗದ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಕೇಳುವುದಿಲ್ಲವಾದ್ದರಿಂದ ಆ ಮನೆಯವರು ಮೂರು ತಲೆಮಾರಿನಿಂದ ತುಟಿಯಲ್ಲೂ ಕೈಯಲ್ಲೂ ಮಾತಾಡಿಕೊಂಡು ಬಂದಿದ್ದಾರೆ. ಮಗ್ಗ ನಿಂತಾಗಲೂ ಅದೇ ಅಭ್ಯಾಸ. ಮಗು ಮೂಲೆಯಲ್ಲಿ ಕೂತು ಅಪ್ಪ ಅಮ್ಮನ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಾ, ಮಧ್ಯೆ ಮಧ್ಯೆ ತಾನೂ ತುಟಿ ಆಡಿಸಿ ಒಂದೆರಡು ಮಾತು ಸೇರಿಸುತ್ತಿತ್ತು. ಮಾತು ಬಂದಿಲ್ಲ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ಮಾತಿಗೆ ದನಿ ಬೇಕು ಅನ್ನುವುದೇ ಆ ಮಗುವಿಗೆ ಯಾರೂ ಹೇಳಿರಲಿಲ್ಲ.

ಜಗಳ ಯಾತಕ್ಕೆ ಅಂತ ಯಜಮಾನರನ್ನು ಕೇಳಿದೆ. ಅವರು ಗಂಭೀರವಾಗಿ ಹೇಳಿದರು.

"ಮಗೂನ ಎದುರಿಗೆ ಜೋರಾಗಿ ಮಾತಾಡ್ಬ್ಯಾಡ ಅಂತ ಅವ್ನು, ನಾನೆಲ್ಲಿ ಜೋರಾಗಿ ಮಾತಾಡ್ದೆ ಅಂತ ಇವ್ಳು."

೫. ಅಜ್ಜಿಯ ಔಷಧಿ

ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ತಿಳಿಸಿದರು. ಮಾತು ಅನ್ನುವ ಬಸ್ಸು ಈ ಮಗುವಿನ ಮೆಜೆಸ್ಟಿಕ್ಕಿಗೆ ಬಂದೇ ಇಲ್ಲ, ಅಲ್ಲಿ ಅದಕ್ಕೆ ಪ್ಲಾಟ್‌ಫಾರಂ ಕಟ್ಟಿಲ್ಲ. ಐದಾರು ವರ್ಷದೊಳಗೆ ಕಟ್ಟಬೇಕು, ತಡವಾದರೆ ಕಷ್ಟ. ಮಗ್ಗವಿಲ್ಲದ, ಬಾಯಿ ಮುಚ್ಚದ ಮನೆ ಬೇಕು ಅಂದರು. ಅಪ್ಪ ಒಂದು ಕ್ಷಣವೂ ಯೋಚಿಸದೆ, ನಮ್ಮತ್ತೆ ಮನೆ ಐತೆ ಅಂದ.

ಡಾಕ್ಟರು ಚೀಟಿಯ ಮೇಲೆ 'ಅಜ್ಜಿ ಮನೆ, ಆರು ತಿಂಗಳು' ಎಂದು ಬರೆದುಕೊಟ್ಟರು. ಅಪ್ಪ ಅಭ್ಯಾಸಬಲದಿಂದ ಅದನ್ನು ಮೆಡಿಕಲ್ ಸ್ಟೋರಿಗೆ ತೋರಿಸಿದ. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ನಮ್ಮಲ್ಲಿ ಬರಲ್ಲ, ಬಸ್ ಸ್ಟಾಂಡಿನಲ್ಲಿ ವಿಚಾರಿಸಿ ಅಂದನಂತೆ.

ಅಜ್ಜಿಯ ಮನೆ ತೂಬಗೆರೆಯಲ್ಲಿ. ಆಕೆ ಹಸುವಿನ ಜೊತೆ ಮಾತಾಡುತ್ತಾರೆ, ಕೋಳಿಯ ಜೊತೆ ಮಾತಾಡುತ್ತಾರೆ, ಹತ್ತಿಕೊಳ್ಳದ ಒಲೆಯನ್ನು ಅದರ ವಂಶ ಸಮೇತ ಬೈಯುತ್ತಾರೆ. ಚಿಕಿತ್ಸೆಗೆ ಹೇಳಿ ಮಾಡಿಸಿದ ಹೆಂಗಸು. ತೊಂದರೆ ಬಂದದ್ದು ನಿದ್ದೆಯಲ್ಲಿ. ಮಗ್ಗದ ಸದ್ದಿಲ್ಲದೆ ಮಗು ಮಧ್ಯಾಹ್ನ ಮಲಗುತ್ತಲೇ ಇರಲಿಲ್ಲ, ಅಳುತ್ತಿತ್ತು. ಅಪ್ಪ ಒಂದು ಉಪಾಯ ಮಾಡಿ, ಕ್ಯಾಸೆಟ್ಟಿನ ಎರಡೂ ಕಡೆ ಮಗ್ಗದ ಸದ್ದು ರೆಕಾರ್ಡ್ ಮಾಡಿ, ಸೆಲ್ಲಿನ ಟೇಪ್ ರೆಕಾರ್ಡರಿನ ಸಮೇತ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ದಿನಾ ಊಟವಾದ ಮೇಲೆ ಅಜ್ಜಿ ಅದನ್ನು ಹಾಕಿ ಮೊಮ್ಮಗಳನ್ನು ಮಲಗಿಸುತ್ತಿದ್ದರು.

ಎರಡು ತಿಂಗಳಿಗೆ ಒಂದು ಭಾನುವಾರ ಅಪ್ಪ ಮಗುವನ್ನು ನೋಡಲು ಹೋದ. ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಹಿಂದಿನಿಂದ ಮಗಳು ಬಂದು ಅವನ ತೊಡೆಗೆ ಒಂದು ತಟ್ಟಿ, ಅಜ್ಜಿ ಹಸುವಿಗೆ ಹೇಳುವ ದನಿಯಲ್ಲೇ, "ಸರಿ ಅತ್ಲಾಗೆ" ಅಂದಳಂತೆ. ಮಗಳ ಬಾಯಿಂದ ಅಪ್ಪ ಕೇಳಿದ ಮೊದಲ ಮಾತು ಅದು. ಮಾರನೆಯ ದಿನ ನಮ್ಮ ಆಸ್ಪತ್ರೆಗೆ ಬಂದು ಅದನ್ನು ಅದೇ ದನಿಯಲ್ಲಿ ಎರಡು ಸಲ ಹೇಳಿ ತೋರಿಸಿದ.

ನಾಲ್ಕನೇ ತಿಂಗಳಲ್ಲಿ ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡು ಹರಿಯಿತು. ಅಷ್ಟು ಹೊತ್ತಿಗೆ ಮಗು ಅದಿಲ್ಲದೆ ಮಲಗುವುದು ಕಲಿತಿದ್ದರಿಂದ ಅಪ್ಪ ಸುಮ್ಮನಿದ್ದ. ವಾರದೊಳಗೆ ಅಜ್ಜಿಯಿಂದ ಹೇಳಿಕೆ ಬಂತು.

"ಇನ್ನೊಂದ್ ಕ್ಯಾಸೆಟ್ ಕಳ್ಸು. ಮಗೂಗಲ್ಲ ಕಣಪ್ಪ, ನಂಗೆ."

೬. ಶಾಲೆಗೆ ಸೇರಿಸಿದ್ದು

ಜೂನಿನಲ್ಲಿ ಮಗುವನ್ನು ನಮ್ಮೂರಿನ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಮಗು ಮೂಗಿ ಎಂದು ಹೆಡ್‌ಮಿಸ್ಟ್ರೆಸ್ಸಿಗೆ ಯಾರೋ ಮೊದಲೇ ಹೇಳಿದ್ದರು. ಪರೀಕ್ಷೆ ಮಾಡಿದವರೂ ಬರಲಿ ಎಂದಿದ್ದರಿಂದ ನಾನೂ ಬಿಳಿ ಕೋಟು ಹಾಕಿಕೊಂಡು ಹೋದೆ. ಆಕೆ ಬಹಳ ಕಟ್ಟುನಿಟ್ಟು. ಡಾಕ್ಟರ ಕಾಗದವನ್ನು ಎರಡು ಸಲ ಓದಿ, ಮೇಜಿನ ಮೇಲಿಟ್ಟು, ಮಗುವನ್ನು ಎದುರಿಗೆ ನಿಲ್ಲಿಸಿಕೊಂಡರು.

ಹೆಸರೇನು ಅಂದರು. ಮಗು ನೋಡಿತು. ಊರು ಯಾವುದು ಅಂದರು. ಮಗು ನೋಡಿತು. ಕೈಯಲ್ಲಿದ್ದ ಸೀಮೆಸುಣ್ಣ ತೋರಿಸಿ ಇದೇನು ಅಂದರು. ಮಗು ಸೀಮೆಸುಣ್ಣವನ್ನೂ ನೋಡಿತು, ಬಾಯಿ ಮಾತ್ರ ಬಿಡಲಿಲ್ಲ. ಹೊಸ ಮುಖ ಕಂಡರೆ ಎಲ್ಲ ಮಕ್ಕಳೂ ಹಾಗೆಯೇ ಅಂತ ನಾನು ಬಾಯಿ ಹಾಕಿದೆ. ಆಕೆ, "ನಮ್ಮಲ್ಲಿ ಒಂದು ರೂಮಿಗೆ ಅರವತ್ತು ಮಕ್ಕಳು. ಈ ಮಗು ಬಾಯಿಬಿಟ್ಟು ಮಾತಾಡಿದ್ದನ್ನ ನಾನು ಕೇಳಬೇಕು. ಇಲ್ಲದಿದ್ರೆ ಬೆಂಗಳೂರಿನ ಆ ಶಾಲೆನೇ ಸರಿ" ಅಂದು ಪೆನ್ನಿಗೆ ಮುಚ್ಚಳ ಹಾಕಿದರು. ಒಂದು ವರ್ಷದ ಕೆಲಸ ಆ ಮುಚ್ಚಳದೊಳಗೆ ಹೋಗುತ್ತಿತ್ತು.

ಬಂದವರಿಗೆ ಕುರ್ಚಿ ಇದ್ದದ್ದು ಒಂದೇ, ಅದರಲ್ಲಿ ನಾನು. ಅಪ್ಪ ಒಂದು ಗೋಡೆಗೆ, ಅಮ್ಮ ಎದುರಿನ ಗೋಡೆಗೆ ಒರಗಿ ನಿಂತಿದ್ದರು. ಗಾಬರಿಯಲ್ಲಿ ಇಬ್ಬರೂ ಹೆಡ್‌ಮಿಸ್ಟ್ರೆಸ್ಸಿನ ತಲೆಯ ಮೇಲಿಂದಲೇ ಮಾತಿಗಿಳಿದರು, ಅದೇ ಸದ್ದಿಲ್ಲದ ಮಾತು. ಅಮ್ಮನ ತುಟಿ ಆಡಿತು. ಅಪ್ಪನ ತುಟಿ ಆಡಿತು. ಅಮ್ಮ ಮತ್ತೆ ಏನೋ ಜಾಸ್ತಿಯೇ ಹೇಳಿದಳು. ಹೆಡ್‌ಮಿಸ್ಟ್ರೆಸ್ ಇವರನ್ನೂ ಅವರನ್ನೂ ನೋಡಿ, ಬಾಯಲ್ಲಿ ಎಲೆಯಡಿಕೆ ಇದ್ದರೆ ಉಗಿದು ಬರಲಿ ಅಂತ ನನಗೆ ಹೇಳಿದರು.

ಮಗು ಕತ್ತು ತಿರುಗಿಸುತ್ತಾ ಅಪ್ಪ ಅಮ್ಮನನ್ನು ನೋಡುತ್ತಿತ್ತು. ಆಮೇಲೆ ಹೆಡ್‌ಮಿಸ್ಟ್ರೆಸ್ಸಿನ ಕಡೆ ತಿರುಗಿ, ತೂಬಗೆರೆಯ ಹೊಲದಲ್ಲಿ ಆ ತುದಿಯಿಂದ ಈ ತುದಿಗೆ ಕೇಳಿಸುವ ದನಿಯಲ್ಲಿ ಹೇಳಿತು.

"ಈ ಮೇಡಮ್ಮು ಹಾಯೋ ಹಸ ಇದ್ದಂಗವ್ರೆ, ಬಾ ಹೋಗಣ ಅಂತಾವ್ಳೆ ನಮ್ಮವ್ವ. ಸುಮ್ಕಿರು, ಸೇರಿಸ್ಕೊಳ್ಳೋಗಂಟ ನಗ್ತಾ ನಿಂತ್ಕೊ ಅಂತಾವ್ನೆ ನಮ್ಮಪ್ಪ."

ನಾನೂ ಅಮ್ಮನೂ ತಲೆ ತಗ್ಗಿಸಿದೆವು. ಅಪ್ಪ ಮಾತ್ರ, ಹೇಳಿದ ಹಾಗೆಯೇ, ನಗುತ್ತಾ ನಿಂತಿದ್ದ. ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಅಮ್ಮನನ್ನು ಒಂದು ಸಲ, ಅಪ್ಪನನ್ನು ಒಂದು ಸಲ ನೋಡಿದರು. ಪೆನ್ನಿನ ಮುಚ್ಚಳ ತೆಗೆದು ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು ಬರೆದು, ಕೆಳಗೆ ಸಹಿ ಹಾಕಿ, ಮಸಿ ಒಣಗುವವರೆಗೂ ಊದಿದರು. ನನಗೆ ಹೋದ ಜೀವ ಬಂತು. ಆಕೆ ಪುಸ್ತಕ ಮುಚ್ಚಿ, ತಮ್ಮ ಕುರ್ಚಿಯನ್ನು ಮಗುವಿನ ಹತ್ತಿರಕ್ಕೆ ಎಳೆದುಕೊಂಡು, ತುಂಬಾ ಮೆತ್ತಗೆ ಕೇಳಿದರು.

"ಇನ್ನೂ ಏನೇನಂದ್ರು, ಕಂದ?"

ಮಗು ಮತ್ತೆ ಆ ಗೋಡೆ ಈ ಗೋಡೆ ನೋಡಿತು. ಅಪ್ಪ ಅಮ್ಮ ಇಬ್ಬರೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.